ತೋಳಗಳ ಸಮೇತ ಕೊಂಡ ಮನೆ

ಸರಳಾ ಹುಟ್ಟಿ ಬೆಳೆದದ್ದು ಮೈಸೂರಿನ ಇಟ್ಟಿಗೆಗೂಡಿನಲ್ಲಿ, ಮೃಗಾಲಯದ ಗೋಡೆಯಿಂದ ಕೂಗಳತೆ ದೂರದ ಮನೆಯಲ್ಲಿ. ತಂದೆ ಅದೇ ಮೃಗಾಲಯದ ಕಚೇರಿಯಲ್ಲಿ ಗುಮಾಸ್ತರು. ಬೆಳಗಿನ ಜಾವ ಸಿಂಹ ಗರ್ಜಿಸಿದರೆ ಆ ಬೀದಿಯ ಮಕ್ಕಳು ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋಗುತ್ತಿದ್ದರು. ಗರ್ಜಿಸದ ದಿನ ಮಾತ್ರ ಎದ್ದು ಕೂತು, ಇವತ್ತೇಕೆ ಸುಮ್ಮನಿದೆ ಎಂದು ಕಿವಿಗೊಡುತ್ತಿದ್ದರು. ಅಂಥ ಬೀದಿಯ ಹುಡುಗಿಯನ್ನು ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಗುರುಸಿದ್ದ ಮದುವೆಯಾಗಿ ಡೆಟ್ರಾಯಿಟ್‌ಗೆ ಕರೆತಂದು, ನೆಲಕ್ಕೆಲ್ಲ ದಪ್ಪ ಕಾರ್ಪೆಟ್ ಹಾಸಿದ, ಕಿಟಕಿಗಳಿಗೆ ಎರಡೆರಡು ಗಾಜು ಕೂರಿಸಿದ ಅಪಾರ್ಟ್‌ಮೆಂಟಿನಲ್ಲಿ ಸಂಸಾರ ಹೂಡಿದ. ಅಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ಸರಳಾಗೆ ನಿದ್ದೆ ಹತ್ತುವುದೇ ನಿಂತುಹೋಯಿತು.

ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮಗಳು ಛಾಯಾ ಹುಟ್ಟಿದಳು. ಕೆಲಸ, ಮಗು, ಅಡುಗೆ ಎಲ್ಲ ಸೇರಿ ಸಂಜೆಗೆ ಮೈ ಹಣ್ಣಾಗುತ್ತಿತ್ತು, ಆದರೂ ನಿದ್ದೆ ಬರಲಿಲ್ಲ. ಗುರುಸಿದ್ದನಿಗೆ ಆ ಚಿಂತೆ ಇರಲಿಲ್ಲ. ಗದಗಿನ ಕಡೆಯವನಾದ ಅವನು ಕಾರು ಕಂಪನಿಯಲ್ಲಿ ಬ್ರೇಕುಗಳ ಇಂಜಿನಿಯರ್. ದಿಂಬಿಗೆ ತಲೆಯಿಟ್ಟರೆ ಗೊರಕೆ. ಅವನ ಚಿಂತೆ ಬೇರೆ. ಈ ದೇಶದ ಅಂಗಡಿಯಲ್ಲಿ ಸಿಗುವ ದೊಡ್ಡ ಕರಿ ಬದನೆಕಾಯಿ ಎಣ್ಣೆಗಾಯಿಗೆ ಬರುವುದಿಲ್ಲ, ತಾನೇ ಬೆಳೆಯಬೇಕು, ಅದಕ್ಕೆ ನೆಲ ಬೇಕು. ಜೊತೆಯವರೆಲ್ಲ ವೆಸ್ಟ್ ಬ್ಲೂಮ್‌ಫೀಲ್ಡಿನ ಕೆರೆಗಳ ಸುತ್ತ ಮನೆ ನೋಡುತ್ತಿದ್ದಾಗ ಅವನು ಪಶ್ಚಿಮಕ್ಕೆ, ಆಗ ಬರೀ ಮೆಕ್ಕೆಜೋಳದ ಹೊಲಗಳೇ ಇದ್ದ ಕ್ಯಾಂಟನ್ ಕಡೆಗೆ ಕಾರು ತಿರುಗಿಸಿದ.

ಎಪ್ಪತ್ತೊಂದರ ಒಂದು ಶನಿವಾರ ಅವರು ನೋಡಿದ್ದು ಹಳೆಯದೊಂದು ರೈತನ ಮನೆ. ಮರದ ಗೋಡೆಯ ಬಣ್ಣ ಉದುರಿತ್ತು, ಹಿಂದೆ ದೊಡ್ಡ ಕೊಟ್ಟಿಗೆ, ಅದರ ಹಿಂದೆ ಆಳೆತ್ತರ ಮೀರಿದ ತಂತಿಬೇಲಿ. ಮನೆಯ ಯಜಮಾನ ನೋವಾಕ್ ಪೋಲೆಂಡ್ ಮೂಲದ ಮುದುಕ. ಮೊಣಕಾಲು ಸೋತು ಮಗಳ ಮನೆಗೆ ಹೊರಟಿದ್ದ. ಅವನು ಬಚ್ಚಲು ತೋರಿಸುತ್ತಿದ್ದಾಗ ಊರಿನ ಸೈರನ್ ಕೂಗಿತು. ಸುಂಟರಗಾಳಿಯ ಎಚ್ಚರಿಕೆಗೆ ಇಟ್ಟದ್ದು, ಆಗಾಗ ಶನಿವಾರ ಪರೀಕ್ಷೆಗೆಂದು ಕೂಗಿಸುತ್ತಾರೆ ಎಂದು ಅವನು ಹೇಳುತ್ತಿರುವಂತೆಯೇ ಕೊಟ್ಟಿಗೆಯ ಹಿಂದಿನಿಂದ ಇನ್ನೊಂದು ಕೂಗು ಎದ್ದಿತು. ಮೊದಲು ಒಂದು ದನಿ, ಸಣ್ಣಗೆ, ಮೇಲೇರುತ್ತ. ಆಮೇಲೆ ಅದರ ಕೆಳಗೆ ಇನ್ನೊಂದು ದಪ್ಪ ದನಿ ಸೇರಿಕೊಂಡಿತು.

ಗುರುಸಿದ್ದ ಬಾಗಿಲ ಚೌಕಟ್ಟು ಹಿಡಿದುಕೊಂಡ. ಸರಳಾ ಮಗುವನ್ನು ಎತ್ತಿಕೊಂಡು ಆ ಸದ್ದಿನ ಕಡೆಗೇ ನಡೆದಳು.

ಬೇಲಿಯೊಳಗೆ ಬೂದು ಬಣ್ಣದ ಎರಡು ಪ್ರಾಣಿಗಳಿದ್ದವು. ಉದ್ದ ಕಾಲು, ಕಿರಿದಾದ ಎದೆ, ಹಳದಿ ಕಣ್ಣು. ಅವಳನ್ನು ಕಂಡದ್ದೇ ಕೂಗು ನಿಲ್ಲಿಸಿ ಬೇಲಿಯ ಆ ತುದಿಗೆ ಸರಿದು ನಿಂತವು.

ಗುರುಸಿದ್ದ ಕೇಳಿದ: "ಇವು ನಾಯಿ ಹೌದಲ್ಲ?"

"ಅಮ್ಮನ ಕಡೆಯಿಂದ ನಾಯಿ," ಎಂದ ನೋವಾಕ್. "ಅಪ್ಪನ ಕಡೆಯವರು ಉತ್ತರದ ಕಾಡಿನವರು."

ಅವು ಅಣ್ಣ ತಂಗಿ. ಈ ಕೊಟ್ಟಿಗೆಯಲ್ಲೇ ಹುಟ್ಟಿ ವರ್ಷ ದಾಟಿತ್ತು. ಗಂಡಿಗೆ ಬುರೆಕ್ ಎಂದೂ ಹೆಣ್ಣಿಗೆ ಜೋಶಾ ಎಂದೂ ಮುದುಕ ತನ್ನ ಭಾಷೆಯ ಹೆಸರಿಟ್ಟಿದ್ದ. ಮಗಳ ಅಪಾರ್ಟ್‌ಮೆಂಟಿಗೆ ಇವನ್ನು ಒಯ್ಯುವಂತಿಲ್ಲ. ಬೇರೆ ಊರಿಗೆ ಕೊಟ್ಟರೆ ಬದುಕಲಾರವು, ನೆಲ ಬದಲಾದರೆ ಊಟ ಬಿಡುತ್ತವೆ. ಆದ್ದರಿಂದ ಮನೆ ಬೇಕಾದವರು ಇವನ್ನೂ ಇಟ್ಟುಕೊಳ್ಳಬೇಕು. ಹೀಗೆಂದಾಗ ಬಂದವರೆಲ್ಲ ಕಾರು ಹತ್ತಿ ಹೋಗಿದ್ದರು.

ಇವರೂ ಕಾರು ಹತ್ತಿದರು. ಗುರುಸಿದ್ದ ದಾರಿಯುದ್ದಕ್ಕೂ ಆ ಮುದುಕನ ತಲೆ ಕೆಟ್ಟಿದೆ ಎಂದು ವಾದಿಸುತ್ತ ಬಂದ. ತಿರುಗಿ ನೋಡಿದರೆ ಸರಳಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಾಯಿ ತೆರೆದು ಮಲಗಿಬಿಟ್ಟಿದ್ದಳು. ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಂತ ಮೇಲೂ ಅವನು ಅವಳನ್ನು ಎಬ್ಬಿಸಲಿಲ್ಲ. ಎಂಜಿನ್ ಆರಿಸಿ ಸುಮ್ಮನೆ ಕೂತ. ತಾನಾಗಿ ಎಚ್ಚರವಾದಾಗ ಅವಳು ಹೇಳಿದ್ದು ಒಂದೇ ಮಾತು:

"ಆ ಮನೇನೇ ತಗೊಳ್ಳೋಣ ರೀ."

"ತೋಳ ಐತಲ್ಲ ಅಲ್ಲಿ?"

"ಅದಕ್ಕೇ ಹೇಳ್ತಿರೋದು."

*

ಮನೆ ಬಿಡುವ ಮುಂಚೆ ನೋವಾಕ್ ಅವರಿಗೆ ಪಾಠ ಹೇಳಿದ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಮಗುವನ್ನು ಬೇಲಿಯೊಳಗೆ ಬಿಡಬೇಡಿ, ಎಷ್ಟೇ ಸಾಧು ಅನ್ನಿಸಿದರೂ. ಇವು ಕಾವಲಿಗೆ ಬರುವುದಿಲ್ಲ, ಕಳ್ಳ ಬಂದರೆ ಮೊದಲು ಅಡಗುವವು ಇವೇ. ಮನೆಯೊಳಗೆ ಬಿಟ್ಟರೆ ಮನೆ ಉಳಿಯುವುದಿಲ್ಲ. ಗದರಿಸಿದರೆ ಕೇಳುವುದಿಲ್ಲ, ಕೇಳಿದಂತೆ ನಟಿಸುವುದೂ ಇಲ್ಲ. ಇಷ್ಟು ಹೇಳಿ ಮುದುಕ ಬೇಲಿಗೆ ಹಣೆಯಾನಿಸಿ ತನ್ನ ಭಾಷೆಯಲ್ಲಿ ಅವಕ್ಕೆ ಏನೋ ಹೇಳಿದ. ಆಮೇಲೆ ಹಿಂದೆ ನೋಡದೆ ಹೋದ.

ಅವನು ಹೋದ ಮೇಲೆ ಎರಡೂ ಊಟ ಬಿಟ್ಟವು. ಗುರುಸಿದ್ದ ಗಂಡಸುತನ ತೋರಿಸಲು ಬಿಸ್ಕತ್ತಿನ ಪೊಟ್ಟಣ ಹಿಡಿದು ಒಳಗೆ ಹೋದ, "ಬಾರಲೇ ಬೂರ್ಯಾ, ಬಾ ಜೋಶಿ" ಎಂದು ಉಪಚಾರ ಮಾಡಿದ. ಪೋಲೆಂಡಿನ ಹೆಸರುಗಳು ಅವನ ನಾಲಿಗೆಯ ಮೇಲೆ ಮೊದಲ ದಿನವೇ ಗದಗಿನವಾಗಿದ್ದವು. ಬೂರ್ಯಾ ಹಿಂದಿನಿಂದ ಬಂದು ಅವನ ಒಂದು ಬೂಟಿನ ದಾರ ಕಚ್ಚಿ ಎಳೆಯಿತು. ಅವನು ಕಾಲು ಎಳೆದುಕೊಂಡ. ಬೂಟು ಬೂರ್ಯಾನ ಬಾಯಲ್ಲೇ ಉಳಿಯಿತು. ಗುರುಸಿದ್ದ ಒಂಟಿ ಬೂಟಿನಲ್ಲಿ ಕುಂಟುತ್ತ ಹೊರಗೆ ಬಂದು, "ಸರಳಾ, ಇದು ನಿನ್ನ ಇಲಾಖೆ" ಎಂದುಬಿಟ್ಟ.

ಸರಳಾ ಬೇರೆ ದಾರಿ ಹಿಡಿದಳು. ಲ್ಯಾಬಿನಿಂದ ಬಂದ ಮೇಲೆ ಒಂದು ಮಣೆ ಮತ್ತು ಒಂದು ಬುಟ್ಟಿ ಹುರುಳಿಕಾಯಿ ತೆಗೆದುಕೊಂಡು ಬೇಲಿಯೊಳಗೆ ಹೋಗಿ, ಅವಕ್ಕೆ ಬೆನ್ನು ಹಾಕಿ ಕೂರುವಳು. ನಾರು ತೆಗೆಯುತ್ತ ತನ್ನ ಪಾಡಿಗೆ ತಾನು ಮಾತಾಡುವಳು: ಲ್ಯಾಬಿನಲ್ಲಿ ಯಾರ ರಕ್ತ ಹೇಗಿತ್ತು, ಮೇಲಿನವನು ಎಂಥ ಮುಂಗೋಪಿ, ಇಲ್ಲಿಯ ಕೊತ್ತಂಬರಿಗೆ ಯಾಕೆ ವಾಸನೆಯಿಲ್ಲ. ತಿರುಗಿ ನೋಡುತ್ತಿರಲಿಲ್ಲ. ಹಾಗೆಯೇ ದಿನಗಳು ಹೋದವು. ಮೊದಲ ಹಿಮ ಬಿದ್ದ ಸಂಜೆ ಅವಳ ಜಡೆಯ ತುದಿಯನ್ನು ಯಾರೋ ಮೆಲ್ಲಗೆ ಎಳೆದಂತಾಯಿತು. ಬಿಸಿ ಉಸಿರು ಕುತ್ತಿಗೆಗೆ ತಾಗಿತು. ಸರಳಾಳ ಕೈಯಲ್ಲಿದ್ದ ಹುರುಳಿಕಾಯಿ ಅಲ್ಲೇ ನಿಂತಿತು. ಜೋಶಿ ಅವಳ ಭುಜದ ಮೇಲಿಂದ ಕತ್ತು ಚಾಚಿ ಬುಟ್ಟಿಯನ್ನು ಮೂಸಿ, ಅದರಲ್ಲಿ ತಿನ್ನುವಂಥದ್ದೇನೂ ಇಲ್ಲವೆಂದು ಕಂಡುಕೊಂಡು, ಬುಟ್ಟಿಯನ್ನೇ ಕಚ್ಚಿಕೊಂಡು ಓಡಿತು. ಆ ಸಂಜೆ ಎರಡೂ ಊಟ ಮಾಡಿದವು.

ಊಟವೆಂದರೆ ಮಾಂಸ. ಗುರುಸಿದ್ದ ಕೊರಳಲ್ಲಿ ಲಿಂಗ ಕಟ್ಟಿದವನು, ದಿನವೂ ಪೂಜೆ ಮಾಡಿಯೇ ಉಣ್ಣುವವನು. ಮನೆಯಲ್ಲಿ ಮೊಟ್ಟೆಯೂ ಇರಲಿಲ್ಲ. ಸರಳಾ ಕೊಟ್ಟಿಗೆಯಲ್ಲಿ ಹಳೆಯ ಫ್ರಿಜ್ ಒಂದನ್ನು ಇಡಿಸಿದಳು. ಪ್ಲಿಮತ್ ಊರಿನ ಕಸಾಯಿಯವನಿಂದ ಕೋಳಿಯ ಬೆನ್ನು, ಕುತ್ತಿಗೆ ತಂದು ಅಲ್ಲಿಯೇ ತುಂಡು ಮಾಡಿ ಹಾಕಿ, ಸ್ನಾನ ಮಾಡಿ ಅಡುಗೆಮನೆಗೆ ಬರುವಳು. ಲ್ಯಾಬಿನಲ್ಲಿ ಏನೆಲ್ಲ ಮುಟ್ಟುವವಳಿಗೆ ಅದೊಂದು ದೊಡ್ಡದಾಗಿ ಕಾಣಲಿಲ್ಲ. "ಬಸವಣ್ಣ ದಯೆ ಇರಬೇಕು ಅಂದ್ರು. ತೋಳಕ್ಕೆ ಹುಳಿಯನ್ನ ಹಾಕಿ ಅಂತ ಹೇಳ್ಲಿಲ್ಲವಲ್ಲ" ಎಂದು ಗಂಡನ ಬಾಯಿ ಮುಚ್ಚಿಸಿದಳು.

ಹಾಗೆಂದು ಆ ವರ್ಷಗಳು ಸುಖದ ಸುಪ್ಪತ್ತಿಗೆಯಾಗಿರಲಿಲ್ಲ. ಬೇಲಿಯ ಬುಡ ತೋಡುವುದರಲ್ಲಿ ಜೋಶಿ ನಿಪುಣೆ. ಗುರುಸಿದ್ದ ನೆಲದೊಳಗೂ ತಂತಿ ಹುಗಿದ. ಚಿಲಕ ತೆಗೆಯುವುದನ್ನು ಬೂರ್ಯಾ ಬರೀ ನೋಡಿ ಕಲಿಯಿತು. ಬ್ರೇಕಿನ ಇಂಜಿನಿಯರ್ ಅದಕ್ಕಾಗಿ ಒಂದರ ಮೇಲೊಂದು ಹೊಸ ಚಿಲಕ ಕಂಡುಹಿಡಿಯುತ್ತ ಹೋದ. ಚಳಿಯ ದಿನವೊಂದರಲ್ಲಿ ಮರುಕದಿಂದ ಅವನ್ನು ಮನೆಯೊಳಗೆ ಬಿಟ್ಟು ಸರಳಾ ಒಗೆದ ಬಟ್ಟೆ ತರಲು ಹೋಗಿ ಬರುವಷ್ಟರಲ್ಲಿ ಸೋಫಾ ಹತ್ತಿಯ ಗುಡ್ಡವಾಗಿತ್ತು, ಅದರ ಮೇಲೆ ಎರಡೂ ನಿಷ್ಪಾಪಿಗಳಂತೆ ಮಲಗಿದ್ದವು. ಪಕ್ಕದ ಹೊಲದ ಹೆಲೆನ್ ಎಂಬಾಕೆಯ ಬಾತುಗಳು ಒಮ್ಮೆ ಬೇಲಿಯೊಳಗೆ ಹಾರಿ ಬಂದು ತಿರುಗಿ ಹೋಗಲಿಲ್ಲ. ಸರಳಾ ಅಳುತ್ತ ಹೋಗಿ ಕ್ಷಮೆ ಕೇಳಿದಳು. ಮಾರನೆಯ ಬೇಸಿಗೆಯವರೆಗೆ ಹೆಲೆನ್ ಮುಖ ಕೊಟ್ಟು ಮಾತಾಡಲಿಲ್ಲ. ಬೂರ್ಯಾನಿಗೆ ಮೂರು ತುಂಬುತ್ತಿದ್ದಂತೆ ಚಳಿಗಾಲದಲ್ಲಿ ಸ್ವಭಾವವೇ ಬದಲಾಗತೊಡಗಿತು. ಜನವರಿಯಿಂದ ಮಾರ್ಚಿನವರೆಗೆ ಅದು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ, ಒಮ್ಮೆ ಸರಳಾಳ ತೋಳನ್ನೇ ಕಚ್ಚಿ ಹಿಡಿಯಿತು. ಗಾಯ ಆಳವಾಗಿರಲಿಲ್ಲ. ಆದರೆ ಅವಳು ಅದರ ಅರ್ಥ ತಿಳಿದುಕೊಂಡಳು, ಮುಂದೆ ಆ ತಿಂಗಳುಗಳಲ್ಲಿ ಊಟವನ್ನು ಬೇಲಿಯ ಹೊರಗಿನಿಂದಲೇ ಕೊಟ್ಟಳು. ಪಶುವೈದ್ಯರೊಬ್ಬರು ಇಂಥವನ್ನು ಮುಟ್ಟುವುದಿಲ್ಲವೆಂದರು. ಇನ್ನೊಬ್ಬರು ಮುಟ್ಟಿದರು, ಎರಡಕ್ಕೂ ಮರಿಯಾಗದಂತೆ ಮಾಡಿದರು, ಆದರೆ ನಾಯಿಯ ಲಸಿಕೆ ತೋಳದ ರಕ್ತಕ್ಕೆ ಹತ್ತುವುದೆಂದು ಮಾತು ಕೊಡಲಾರೆ ಎಂದರು.

ಇಷ್ಟಾದರೂ ಸರಳಾ ಮಲಗಿದ ತಕ್ಷಣ ನಿದ್ದೆ ಹೋಗುತ್ತಿದ್ದಳು. ದಿನವೂ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅವಳು ಕೊಟ್ಟಿಗೆಯ ಮೆಟ್ಟಿಲ ಮೇಲೆ ನಿಂತು ತಲೆಯೆತ್ತಿ ಕೂಗುವಳು, ಅವೆರಡೂ ದನಿಗೂಡಿಸುವವು. ಶ್ರುತಿ ಹಿಡಿಯುವುದನ್ನು ಜೋಶಿಯೇ ಅವಳಿಗೆ ಕಲಿಸಿತು: ಇಬ್ಬರ ದನಿ ಒಂದೇ ಆದರೆ ಅದು ತಟ್ಟನೆ ತನ್ನದನ್ನು ಒಂದೆಳೆ ಮೇಲಕ್ಕೆ ಒಯ್ಯುತ್ತಿತ್ತು. ಮಾತು ಕಲಿಯುತ್ತಿದ್ದ ಛಾಯಾ ಕೂಡ ಅಡುಗೆಮನೆಯ ಕಿಟಕಿಯಿಂದ ತನ್ನ ಪಾಲು ಸೇರಿಸುತ್ತಿದ್ದಳು.

*

ಎಪ್ಪತ್ತನಾಲ್ಕರ ಯುಗಾದಿಗೆ ಸ್ಕೋಕಿ ಎಂಬ ಊರಿನಿಂದ ಅತಿಥಿಗಳು ಬಂದರು. ಗುರುಸಿದ್ದನ ಜೊತೆ ಹುಬ್ಬಳ್ಳಿಯಲ್ಲಿ ಓದಿದ ಹಯವದನ ಜೋಶಿ ಮತ್ತು ಅವನ ಹೆಂಡತಿ ಅಂಬುಜಾ. ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದಿದ್ದರು. ಹಯವದನ ಕಾಲೇಜಿನಲ್ಲಿ ಲೆಕ್ಕ ಕಲಿಸುವವನು, ಮೃದು ಮಾತಿನವನು, ಮಡಿಸಿದ ಪಂಚೆಯ ಹಾಗೆ ಅಚ್ಚುಕಟ್ಟು. ಮನೆಯಲ್ಲಿ ಎರಡು 'ನಾಯಿ'ಗಳಿವೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಹೆಸರು ಯಾರೂ ಹೇಳಿರಲಿಲ್ಲ.

ಹಯವದನ ಕೈ ತೊಳೆದು ಹಜಾರದಲ್ಲಿ ಕೂತಿದ್ದ. ಹೋಳಿಗೆಯ ಪರಿಮಳ ಮನೆ ತುಂಬಿತ್ತು. ಆಗ ಹಿತ್ತಲಿನಿಂದ ಸರಳಾಳ ದನಿ ಕೇಳಿತು:

"ಜೋಶಿ, ಬಿಡು ಅದನ್ನ. ಎಷ್ಟು ಸಲ ಹೇಳೋದು ನಿನಗೆ, ಕೊಳಕು ಮುಂಡೇದೇ."

ಹಯವದನ ಕೈಯಲ್ಲಿದ್ದ ನೀರಿನ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಅಂಬುಜಾ ಗಂಡನ ಮುಖ ನೋಡಿದಳು.

"ಈ ಜೋಶಿಗೆ ಎಷ್ಟು ಹಾಕಿದ್ರೂ ಹೊಟ್ಟೆ ತುಂಬಲ್ಲ ರೀ," ದನಿ ಮುಂದುವರಿಯಿತು. "ಬನ್ನಿ ಇಲ್ಲಿ, ಕುತ್ತಿಗೆ ಹಿಡ್ಕೊಂಡು ಹೊರಗೆ ಹಾಕಿ."

ಹಯವದನ ಎದ್ದು ನಿಂತ. "ಅಂಬು, ಹೊರಡೋಣ," ಎಂದ. "ಏನೋ ತಪ್ಪು ಆಗೇದ ನಮ್ಮಿಂದ."

ಅಷ್ಟರಲ್ಲಿ ಹಿಂಬಾಗಿಲಿನಿಂದ ಬೂದು ಬಣ್ಣದ ಮಿಂಚೊಂದು ಹಜಾರಕ್ಕೆ ನುಗ್ಗಿ, ಅಪರಿಚಿತರನ್ನು ಕಂಡು ಗಾಬರಿಯಾಗಿ, ಊಟದ ಮೇಜಿನ ಕೆಳಗೆ ಸೇರಿಕೊಂಡಿತು. ಅದರ ಬಾಯಲ್ಲಿ ಹಯವದನನ ಬಲಗಾಲಿನ ಚಪ್ಪಲಿ. ಹಿಂದೆಯೇ ಗುರುಸಿದ್ದ ಓಡಿ ಬಂದ, ಅವನ ಹಿಂದೆ ಸೌಟು ಹಿಡಿದ ಸರಳಾ. ಗೆಳೆಯನ ಮುಖ ನೋಡಿದ್ದೇ ಗುರುಸಿದ್ದನಿಗೆ ಎಲ್ಲ ಹೊಳೆಯಿತು.

"ಹಯ್ಯಾ," ಎಂದ ಅವನು ತಗ್ಗಿದ ದನಿಯಲ್ಲಿ, "ನಿನಗ ಒಬ್ಬರ ಪರಿಚಯ ಮಾಡಿಸೂದು ಐತಿ."

ಹಯವದನ ಬಗ್ಗಿ ಮೇಜಿನ ಕೆಳಗೆ ನೋಡಿದ. ಹಳದಿ ಕಣ್ಣುಗಳು ಅವನನ್ನು ನೋಡಿದವು. ಅವನಿಗೆ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮೇಲೆ ನಿಲ್ಲಲಿಲ್ಲ. ಅಂಬುಜಾ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಗೋತ್ರ ಯಾವುದಂತ?" ಎಂದು ಕೇಳಿದಳು. ಅಂದಿನಿಂದ ಹಯವದನ ಫೋನ್ ಮಾಡಿದಾಗಲೆಲ್ಲ ಮೊದಲ ಪ್ರಶ್ನೆ ಒಂದೇ: "ನಮ್ಮ ತಂಗಿ ಹೆಂಗಿದ್ದಾಳ?"

*

ಮರುವರ್ಷ ಗುರುಸಿದ್ದನ ತಾಯಿ ರುದ್ರಮ್ಮ ಬಂದರು. ಆರು ತಿಂಗಳಿಗೆಂದು ಬಂದವರು ಮೊಮ್ಮಗಳನ್ನು ಬಿಟ್ಟು ಹೋಗಲಾರದೆ ಉಳಿದೇಬಿಟ್ಟರು. ಅವರದು ಮುಂಡರಗಿ ಕಡೆಯ ಹಳ್ಳಿ. ಕುರಿಹಟ್ಟಿಗೆ ತೋಳ ಬೀಳುವುದು ಅಲ್ಲಿ ದಿನನಿತ್ಯದ ಮಾತು. ಬಂದ ಬೆಳಿಗ್ಗೆ ಹಿತ್ತಲಿಗೆ ಹೋದವರು ಬೇಲಿಯ ಮುಂದೆ ಗಕ್ಕನೆ ನಿಂತರು.

"ಗುರ್ಯಾ, ಏನಲೇ ಇದು?"

"ನಾಯಿ ಬೇ," ಎಂದ ಮಗ.

"ನಾಯಿ ಯಾವುದು, ತೋಳ ಯಾವುದು ನನಗ ಹೇಳಿಕೊಡಾಕ ಬಂದೀ?" ರುದ್ರಮ್ಮ ಸೊಂಟದ ಮೇಲೆ ಕೈಯಿಟ್ಟರು. "ನಿಮ್ಮಪ್ಪ, ನಾನು ತೋಳ ಓಡಿಸಾಕ ಕೋಲು ಹಿಡಕೊಂಡು ಕುಂದ್ರತಿದ್ವಿ. ನೀ ಏಳು ಸಮುದ್ರ ದಾಟಿ ಬಂದು ತೋಳಕ್ಕ ಉಣ್ಣಾಕ ಹಾಕಿ ಸಾಕೀಯೇನು? ತೋಳ ಹಳ್ಳಕ್ಕ ಬಿದ್ದರ ಆಳಿಗೊಂದು ಕಲ್ಲು ಅಂತಾರ. ನಿಮ್ಮನಿಯಾಗ ಆಳಿಗೊಂದು ರೊಟ್ಟಿ ಅನ್ನೂ ಹಂಗ ಕಾಣತೈತಿ."

ಸರಳಾ ಹಿಂದೆ ನಿಂತು ನಕ್ಕಳು. "ರೊಟ್ಟಿ ಇನ್ನೂ ಕೊಟ್ಟಿಲ್ಲ ಅತ್ತೆ. ನೀವು ಮಾಡಿದ್ರೆ ಕೊಡೋಣ."

"ಕೊಡ್ತೀನಿ ತಡಿ," ಎಂದರು ರುದ್ರಮ್ಮ. ಅವರು ಪೆಟ್ಟಿಗೆಯಲ್ಲಿ ಜೋಳದ ಹಿಟ್ಟು ಹೊತ್ತು ತಂದಿದ್ದರು. ಅದು ಚಿನ್ನದಂಥ ಸರಕು, ಇಲ್ಲಿ ಎಲ್ಲೂ ಸಿಗದು. ಮೊದಲ ದಿನದ ರೊಟ್ಟಿಗಳನ್ನು ಬಡಿದು ಹಿಂದಿನ ಕಿಟಕಿಯ ಬಳಿ ಆರಲು ಇಟ್ಟಿದ್ದರು. ಆ ದಿನವೇ ಬೂರ್ಯಾ ಗುರುಸಿದ್ದನ ಹೊಸ ಚಿಲಕದ ಗುಟ್ಟು ಭೇದಿಸಿತ್ತು. ರುದ್ರಮ್ಮ ಪಲ್ಯಕ್ಕೆ ಒಗ್ಗರಣೆ ಹಾಕಿ ತಿರುಗುವಷ್ಟರಲ್ಲಿ ತಾಟು ಖಾಲಿ. ಕಿಟಕಿಯಾಚೆ ಬೂರ್ಯಾ ಕೊನೆಯ ರೊಟ್ಟಿಯನ್ನು ಮುಂಗಾಲುಗಳ ನಡುವೆ ಹಿಡಿದು, ಅಂಚಿನಿಂದ ಶುರುಮಾಡಿ, ಒಂದು ಚೂರೂ ಬೀಳದಂತೆ ತಿನ್ನುತ್ತಿತ್ತು.

ರುದ್ರಮ್ಮ ಲಟ್ಟಣಿಗೆ ಎತ್ತಿದವರು ಹಾಗೇ ನಿಂತು ನೋಡಿದರು. ಆಮೇಲೆ ಸೊಸೆಗೆ ಹೇಳಿದರು: "ನೋಡವ್ವ, ನನ್ನ ಮೊಮ್ಮಗಳು ಮೊದಲನೇ ರೊಟ್ಟಿ ಮುಖ ಸಿಂಡರಿಸಿ ಅರ್ಧಕ್ಕ ಬಿಟ್ಟಳು. ಈ ಮೂಳ ಪೂರಾ ತಿಂದೈತಿ. ರೊಟ್ಟಿ ರುಚಿ ಬಲ್ಲಾಂವ."

ಅಂದಿನಿಂದ ಬೂರ್ಯಾನಿಗೆ ದಿನಕ್ಕೊಂದು ಬೆಣ್ಣೆ ಸವರಿದ ರೊಟ್ಟಿ ಸಂದಾಯವಾಗತೊಡಗಿತು. ಮುಂಡರಗಿಯ ಹಿಟ್ಟು ಮುಗಿದ ಮೇಲೆ ಅವರು ಇಲ್ಲಿಯ ಮೆಕ್ಕೆಜೋಳದ ಹಿಟ್ಟಿನಲ್ಲೇ ಹೇಗೋ ತಟ್ಟಿದರು. ಬೂರ್ಯಾ ಅದಕ್ಕೂ ಇಲ್ಲವೆನ್ನಲಿಲ್ಲ. ಬೇಲಿಯೊಳಗೆ ಮಾತ್ರ ರುದ್ರಮ್ಮ ಎಂದೂ ಕಾಲಿಡಲಿಲ್ಲ. "ಪ್ರೀತಿ ಬ್ಯಾರೆ, ನಂಬಿಕಿ ಬ್ಯಾರೆ" ಎನ್ನುತ್ತಿದ್ದರು.

*

ಆ ವರ್ಷಗಳಲ್ಲಿ ಕ್ಯಾಂಟನ್ ನೋಡನೋಡುತ್ತ ಬದಲಾಯಿತು. ಮೆಕ್ಕೆಜೋಳದ ಹೊಲಗಳ ಮೇಲೆ ಹೊಸ ಬಡಾವಣೆಗಳು, ಇಲ್ಲಿಯವರ ಮಾತಿನಲ್ಲಿ ಸಬ್‌ಡಿವಿಷನ್‌ಗಳು ಎದ್ದವು. ಹೆಲೆನ್ ಕೂಡ ಹೊಲ ಮಾರಿ ಹೋದಳು. ಕೊಟ್ಟಿಗೆಯ ಹಿಂದೆ, ಒಂದು ಸಣ್ಣ ಬಯಲಿನ ಆಚೆ, ಒಂದೇ ಅಚ್ಚಿನ ಮನೆಗಳ ಬೀದಿಯೊಂದು ಬಂತು. ಸಂಜೆಯ ಕೂಗು ಅಲ್ಲಿಯವರಿಗೆ ಹೊಸದು. ಗ್ರಾಂಟ್ ಎಂಬ ಹೆಂಗಸು ಊರಿನ ಆಡಳಿತ ನೋಡುವ ಟೌನ್‌ಶಿಪ್ ಕಚೇರಿಗೆ ದೂರು ಕೊಟ್ಟಳು: ಇಲ್ಲಿ ಮಕ್ಕಳಿದ್ದಾರೆ, ಪಕ್ಕದಲ್ಲಿ ತೋಳಗಳಿವೆ. ಅಧಿಕಾರಿಯೊಬ್ಬ ಬಂದು ಬೇಲಿಯನ್ನು ಅಲುಗಿಸಿ ನೋಡಿ, ಭದ್ರವಾಗಿದೆ ಎಂದ. ಹೋಗುವಾಗ ಒಂದು ಮಾತು ಸೇರಿಸಿದ: ಇವು ಹೊರಗೆ ಓಡಾಡುವುದನ್ನು ಯಾರಾದರೂ ಕಂಡರೆ ಪೊಲೀಸರು ಗುಂಡು ಹಾರಿಸುತ್ತಾರೆ, ಆಮೇಲೆ ನನ್ನನ್ನು ಕೇಳಬೇಡಿ.

ಆ ಮಾತು ಸರಳಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಸಂಜೆಯ ಕೂಗನ್ನು ಅವಳು ನಿಲ್ಲಿಸಿದಳು. ತೋಳಗಳು ನಿಲ್ಲಿಸಲಿಲ್ಲ.

ಎಪ್ಪತ್ತೆಂಟರ ಜನವರಿಯ ಕೊನೆಗೆ ದೊಡ್ಡ ಹಿಮಬಿರುಗಾಳಿ ಬಂತು. ಗಾಳಿ ನಿಂತ ಬೆಳಿಗ್ಗೆ ಮುಂಬಾಗಿಲು ತೆರೆಯಲಿಲ್ಲ. ಗುರುಸಿದ್ದ ಕಿಟಕಿಯಿಂದ ಇಳಿದು ಹಿಮ ತೋಡಿ ಬಾಗಿಲು ಬಿಡಿಸಿದ. ರಸ್ತೆಗಳೇ ಇರಲಿಲ್ಲ, ಕಾರಿದ್ದ ಕಡೆ ಒಂದು ಬಿಳಿ ಗುಡ್ಡ. ಸರಳಾ ಬಕೆಟ್ಟಿನಲ್ಲಿ ಮಾಂಸ ಹಿಡಿದು ಸೊಂಟದ ಮಟ್ಟದ ಹಿಮದಲ್ಲಿ ಕೊಟ್ಟಿಗೆ ಹಿಂದಕ್ಕೆ ಹೋದಳು. ಗಾಳಿ ಹಿಮವನ್ನು ಒತ್ತರಿಸಿ ಬೇಲಿಗೆ ಒಳಗಿನಿಂದಲೂ ಹೊರಗಿನಿಂದಲೂ ಇಳಿಜಾರು ಕಟ್ಟಿತ್ತು. ತಂತಿಯ ಮೇಲಂಚು ಒಂದು ಗೇಣಷ್ಟೇ ಕಾಣುತ್ತಿತ್ತು. ಅದರ ಮೇಲಿಂದ ಎರಡು ಸಾಲು ಹೆಜ್ಜೆ, ಯಾವ ಅವಸರವೂ ಇಲ್ಲದಂತೆ, ಬಯಲಿನ ಕಡೆಗೆ ಹೋಗಿದ್ದವು.

ಬಯಲಿನಲ್ಲಿ ಗಾಳಿ ಹೆಜ್ಜೆಗಳನ್ನು ಅಳಿಸಿಹಾಕಿತ್ತು. ಗುರುಸಿದ್ದ ಹಗ್ಗ ಹಿಡಿದು ಹೊಲಗಳ ಕಡೆ ಹೊರಟ. ಸರಳಾ ಸಬ್‌ಡಿವಿಷನ್ ಕಡೆ ಹೊರಟಳು. ಅವಳು ಹೊರಡುವಾಗ ರುದ್ರಮ್ಮ ಬಂದು ಅವಳ ಓವರ್‌ಕೋಟಿನ ಜೇಬಿಗೆ ಬೆಣ್ಣೆ ಹಚ್ಚಿ ಸುತ್ತಿದ ರೊಟ್ಟಿ ತುರುಕಿದರು. "ಹಸಿದಿರತಾವು," ಎಂದಷ್ಟೇ ಹೇಳಿದರು.

ಬೀದಿ ಸತ್ತಂತೆ ಮಲಗಿತ್ತು. ಕರೆಂಟ್ ಹೋಗಿ ಮನೆಗಳೆಲ್ಲ ಮಬ್ಬಾಗಿದ್ದವು. ಸರಳಾ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಗಂಡನ ಬೂಟು ಹಾಕಿಕೊಂಡು ಆ ಬೀದಿಯ ನಡುವೆ ನಿಂತಳು. ಹೆಸರು ಹಿಡಿದು ಕರೆದಳು. ಹೆಸರಿಗೆ ಅವು ಎಂದು ತಾನೇ ಬಂದಿದ್ದವು? ಇಲ್ಲಿ ಒಂದೇ ದಾರಿ ಇತ್ತು, ಅದು ಅವಳಿಗೆ ಗೊತ್ತಿತ್ತು. ಆದರೆ ದೂರು ಕೊಟ್ಟವರ ಕಿಟಕಿಗಳ ಮುಂದೆ, ಹಾಡುಹಗಲಲ್ಲಿ, ಒಬ್ಬ ಸಂಸಾರಸ್ಥೆ ಹಾಗೆ ಮಾಡುವುದೆಂದರೆ ನಾಚಿಕೆ. ಮೊದಲ ಕೂಗು ಬೆಕ್ಕಿನ ಮರಿಯ ದನಿಯಂತೆ ಹೊರಟಿತು. ಎಲ್ಲೋ ಒಂದು ಪರದೆ ಅಲುಗಿತು. ಅವಳು ಕಣ್ಣು ಮುಚ್ಚಿಕೊಂಡು, ತಲೆಯನ್ನು ಹಿಂದಕ್ಕೆ ಚೆಲ್ಲಿ, ಹೊಟ್ಟೆಯೊಳಗಿನಿಂದ ಕೂಗಿದಳು.

ಮರುದನಿ ತಲೆಯ ಮೇಲಿನಿಂದಲೇ ಬಂತು.

ಮೂಲೆಯ ಮನೆಯ ಗ್ಯಾರೇಜಿಗೆ ಹಿಮ ಸೂರಿನವರೆಗೆ ಒರಗಿತ್ತು. ಆ ಇಳಿಜಾರು ಹತ್ತಿ, ಚಾವಣಿಯ ನೆತ್ತಿಯ ಮೇಲೆ, ಬೂರ್ಯಾ ಮತ್ತು ಜೋಶಿ ಅಕ್ಕಪಕ್ಕ ಕೂತು ಊರನ್ನೆಲ್ಲ ನೋಡುತ್ತಿದ್ದವು. ಅಷ್ಟು ಸಂತೋಷವಾಗಿ ಅವು ಕೂತದ್ದನ್ನು ಸರಳಾ ಎಂದೂ ಕಂಡಿರಲಿಲ್ಲ.

ಬಾಗಿಲುಗಳು ಒಂದೊಂದಾಗಿ ತೆರೆದವು. ಜನ ಕಂಬಳಿ ಹೊದ್ದು, ಟೋಪಿ ಹಾಕಿಕೊಂಡು ಮೆಟ್ಟಿಲಿಗೆ ಬಂದರು. ಆ ಗ್ಯಾರೇಜು ಗ್ರಾಂಟ್ ಮನೆಯದೇ. ಆಕೆ ಬಾಗಿಲಲ್ಲಿ ನಿಂತು ಚಾವಣಿಯನ್ನೂ ಸರಳಾಳನ್ನೂ ನೋಡಿದಳು. ಅವಳ ಇಬ್ಬರು ಮಕ್ಕಳು ಅವಳ ಕೈ ಕೆಳಗಿನಿಂದ ಮುಖ ತೂರಿಸಿದ್ದರು. ಜನ ಸೇರುತ್ತಿದ್ದಂತೆ ಬೂರ್ಯಾನ ಕಿವಿ ಹಿಂದಕ್ಕೆ ಮಡಿಚಿಕೊಂಡಿತು. ಇನ್ನೊಂದು ಕ್ಷಣದಲ್ಲಿ ಅದು ಆ ಕಡೆ ಹಾರಿ ಓಡುವುದೆಂದು ಸರಳಾಗೆ ತಿಳಿಯಿತು.

"ದಯವಿಟ್ಟು ಎಲ್ಲರೂ ಬೆನ್ನು ತಿರುಗಿಸಿ," ಎಂದು ಅವಳು ಕೂಗಿ ಹೇಳಿದಳು. "ಅವಕ್ಕೆ ನಿಮ್ಮನ್ನ ಕಂಡ್ರೆ ಭಯ. ನೋಡಬೇಡಿ, ಸುಮ್ಮನೆ ನಿಂತಿರಿ."

ಮೊದಲು ತಿರುಗಿದವಳು ಗ್ರಾಂಟ್. ಮಕ್ಕಳ ಭುಜ ಹಿಡಿದು ಅವರನ್ನೂ ತಿರುಗಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಬೀದಿಗೆ ಬೀದಿಯೇ ತಂತಮ್ಮ ಮುಂಬಾಗಿಲು ನೋಡುತ್ತ ನಿಂತಿತು. ಸರಳಾ ಕೂಡ ಬೆನ್ನು ಹಾಕಿ ಹಿಮದಲ್ಲಿ ಕೂತು, ಜೇಬಿನಿಂದ ರೊಟ್ಟಿ ತೆಗೆದು ಮುರಿಯುತ್ತ ಮಾತಿಗೆ ತೊಡಗಿದಳು. ಚಳಿಯ ವಿಷಯ, ರುದ್ರಮ್ಮನ ಬೆಣ್ಣೆಯ ವಿಷಯ, ಹೇಗೆ ನೀವಿಬ್ಬರೂ ಮಾನ ಕಳೆದಿರಿ ಎಂಬ ವಿಷಯ. ಹಿಮ ಜರುಗಿದ ಸದ್ದಾಯಿತು. ಬೆಣ್ಣೆಯ ವಾಸನೆಗೆ ಮೊದಲು ಬಂದದ್ದು ಬೂರ್ಯಾ. ಚಳಿಗಾಲದ ತನ್ನ ಸಿಟ್ಟನ್ನೂ ಮರೆತು ಅದು ಅವಳ ಕೈಯಿಂದಲೇ ತಿಂದಿತು. ಅವಳು ತನ್ನ ಶಾಲನ್ನು ಅದರ ಕೊರಳಿಗೆ ಕಟ್ಟಿದಳು. ಅಣ್ಣ ಬಂದಲ್ಲಿಗೆ ತಂಗಿ ಬಾರದೆ ಇರುವುದಿಲ್ಲ.

ಅವರು ಬೀದಿಯ ಕೊನೆ ಮುಟ್ಟುವಾಗ ಹಿಂದಿನಿಂದ ಗ್ರಾಂಟ್ ಮಕ್ಕಳು ಸಣ್ಣ ದನಿಯಲ್ಲಿ ಕೂಗಿದರು, ತೋಳದ ಹಾಗೆ. ಜೋಶಿ ನಿಂತು, ಕಿವಿ ನಿಮಿರಿಸಿ, ಉತ್ತರ ಕೊಟ್ಟು ಮುಂದೆ ನಡೆಯಿತು.

ಹಿಮ ಕರಗಿದ ಮೇಲೆ ಗ್ರಾಂಟ್ ತಾನೇ ಬಂದಳು. "ದೂರು ಹಿಂದಕ್ಕೆ ತಗೊಳ್ಳಲ್ಲ," ಎಂದಳು ನೆಟ್ಟಗೆ. "ಆದರೆ ಹೊಸದು ಕೊಡಲ್ಲ. ನಿಮ್ಮ ಬೇಲಿ ಇನ್ನೂ ಎತ್ತರವಾಗಬೇಕು. ನನ್ನ ಗಂಡನಿಗೆ ಭಾನುವಾರ ಬಿಡುವಿದೆ." ಆ ಭಾನುವಾರ ಬೀದಿಯ ನಾಲ್ಕೈದು ಗಂಡಸರು ಸುತ್ತಿಗೆ ಹಿಡಿದು ಬಂದರು. ರುದ್ರಮ್ಮ ಅಂಗಡಿಯ ಕರಿ ಬದನೆಯಲ್ಲೇ ಹೇಗೋ ಎಣ್ಣೆಗಾಯಿ ಮಾಡಿ ಅವರಿಗೆಲ್ಲ ಬಡಿಸಿದರು. ಅವರು ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತಲೇ ಎರಡನೆಯ ಸಲ ಹಾಕಿಸಿಕೊಂಡರು. ಎಲ್ಲರೂ ಒಲಿದರೆಂದಲ್ಲ. ಆಚೆ ತುದಿಯ ಮನೆಯವನು ಕೊನೆಯವರೆಗೂ ಸರಳಾಳನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಿದ್ದ.

*

ಆಮೇಲೆ ಸರಳಾಳ ಹೆಸರು ಸುತ್ತಮುತ್ತ ಹರಡಿತು. ತೋಳದ ಮರಿ ಸಾಕುವುದು ಆಗ ಕೆಲವರಿಗೆ ಹುಚ್ಚಾಗಿತ್ತು. ಸಲಹೆ ಕೇಳಲು ಜನ ಬರುತ್ತಿದ್ದರು. ಅವಳು ಚಹಾ ಕೊಟ್ಟು, ತೋಳಿನ ಗಾಯದ ಗುರುತು ತೋರಿಸಿ, ಸೋಫಾದ ಕಥೆ ಹೇಳಿ, ಕೊನೆಗೆ "ಬೇಡ" ಎನ್ನುವಳು. "ನಿಮ್ಮ ಹತ್ತಿರವೂ ಇವೆಯಲ್ಲ?" ಎಂದು ಅವರು ಕೇಳಿದರೆ, "ನನ್ನನ್ನ ಅವು ಇಟ್ಕೊಂಡಿವೆ. ಅವಕ್ಕೆ ಬೇರೆ ದಾರಿ ಇರ್ಲಿಲ್ಲ" ಎನ್ನುವಳು. ಆ್ಯನ್ ಆರ್ಬರಿನಿಂದ ಬಂದ ಯುವ ದಂಪತಿಗಳು ಮಾತ್ರ ಜಗ್ಗಲಿಲ್ಲ. ಸರಳಾ ಆ ಯುವಕನನ್ನು ಬೇಲಿಯೊಳಗೆ ಮಣೆಯ ಮೇಲೆ ಕೂರಿಸಿದಳು. ಜೋಶಿ ಬಂದು ಅವನ ಟೋಪಿ ತೆಗೆದುಕೊಂಡು ಹೋಗಿ, ಹೂತು, ಅದರ ಮೇಲೆ ಉಚ್ಚೆ ಹೊಯ್ದು ಬಂತು. ಮರುವಾರ ಅವರು ಫೋನ್ ಮಾಡಿ, ತಾವು ಒಂದು ಮುದಿ ಬೀಗಲ್ ನಾಯಿ ತಂದುಕೊಂಡಿದ್ದೇವೆ, ಅದು ದಿನವಿಡೀ ಮಲಗಿರುತ್ತದೆ ಎಂದು ತಿಳಿಸಿದರು. ಸರಳಾ ಮನಸಾರೆ ಸಂತೋಷಪಟ್ಟಳು.

ಎಪ್ಪತ್ತೊಂಬತ್ತರ ಶರತ್ಕಾಲದಲ್ಲಿ ಬೂರ್ಯಾ ತೀರಿಕೊಂಡಿತು. ಕಾಯಿಲೆಯಿಲ್ಲ, ನರಳಾಟವಿಲ್ಲ, ಮೇಪಲ್ ಮರದ ಕೆಳಗೆ ಬಿಸಿಲಿಗೆ ಮಲಗಿದ್ದು ಏಳಲಿಲ್ಲ. ಗುರುಸಿದ್ದ ಬದನೆಯ ಪಾತಿಯ ಪಕ್ಕ ಗುಂಡಿ ತೆಗೆದ. ಎಂದೂ ಬೇಲಿಯೊಳಗೆ ಹೋಗದ ರುದ್ರಮ್ಮ ಅಂದು ಹೋದರು, ಅದರ ಹಣೆಗೆ ವಿಭೂತಿ ಹಚ್ಚಿದರು, ಹೊರಗೆ ಬಂದರು.

ಜೋಶಿ ತುತ್ತು ಮುಟ್ಟಲಿಲ್ಲ. ಬೇಲಿಯ ಉದ್ದಕ್ಕೂ ಅಡ್ಡಾಡಿ ನೆಲ ಸವೆಸಿತು. ಸರಳಾ ಪಕ್ಕದಲ್ಲೇ ಕೂತರೂ ಅದರ ಕಣ್ಣು ಎಲ್ಲೋ ಇರುತ್ತಿತ್ತು. ಮನುಷ್ಯರ ಜೊತೆ ಅದಕ್ಕೆ ಸಾಲದು ಎಂದು ಅವಳಿಗೆ ಗೊತ್ತಾಯಿತು. ಅನಾಥ ನಾಯಿಗಳ ಆಶ್ರಯಕ್ಕೆ ಛಾಯಾಳನ್ನು ಕರೆದುಕೊಂಡು ಹೋದಳು. ಅಲ್ಲಿ ಮೂಲೆ ಹಿಡಿದು ಮಲಗಿದ್ದ, ಒಂದು ಕಿವಿ ಹರಿದ, ಯಾವ ಜಾತಿಯೆಂದು ಹೇಳಲಾಗದ ದಡೂತಿ ಗಂಡು ನಾಯಿಯನ್ನು ಮಗಳು ತೋರಿಸಿದಳು. ಅದು ತಲೆಯೆತ್ತಿ ಒಮ್ಮೆ ಆಕಳಿಸಿತು.

"ಹೀ ಈಸ್ ನಾಟ್ ಸ್ಕೇರ್ಡ್ ಆಫ್ ಎನಿಥಿಂಗ್, ಅಮ್ಮ," ಎಂದಳು ಛಾಯಾ.

"ಅದನ್ನ ಜೋಶಿ ಹೇಳ್ಲಿ," ಎಂದಳು ಸರಳಾ.

ಜೋಶಿ ಮೊದಲು ಹಲ್ಲು ತೋರಿಸಿತು. ನಾಯಿ ಅದನ್ನು ಕಂಡೂ ಕಾಣದಂತೆ ಬೇಲಿಯೊಳಗೆಲ್ಲ ಒಂದು ಸುತ್ತು ಹಾಕಿ, ಮೇಪಲ್ ಮರದ ಬುಡ ಮೂಸಿ, ಅಲ್ಲಿ ಮಲಗದೆ ಈಚೆ ಬಂದು, ಜೋಶಿಗೆ ಬೆನ್ನು ಹಾಕಿ ಕೂತಿತು. ಸರಳಾ ಬೇಲಿಯ ಹೊರಗೆ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು. ಎರಡು ದಿನ ಹೀಗೇ ನಡೆಯಿತು. ಮೂರನೆಯ ಬೆಳಿಗ್ಗೆ ಅವಳು ಮಾಂಸದ ಬಕೆಟ್ಟು ಹಿಡಿದು ಹೋದಾಗ, ಜೋಶಿ ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಬಾಲ ಮೇಲೆತ್ತಿ, ಮರಿಗಳು ಆಟಕ್ಕೆ ಕರೆಯುವಂತೆ ಆ ದಡೂತಿಯನ್ನು ಕರೆಯುತ್ತಿತ್ತು. ನಾಯಿಗೆ ಕಷ್ಟಪಟ್ಟು ಅರ್ಥವಾದಂತೆ ಕಂಡಿತು. ಎದ್ದು, ಮೈ ಕೊಡವಿ, ಭಾರವಾಗಿ ಓಡತೊಡಗಿತು. ಜೋಶಿ ಅದರ ಸುತ್ತ ಗಾಳಿಯಂತೆ ಸುತ್ತಿತು. ಸರಳಾ ಬಕೆಟ್ಟನ್ನು ಬೇಲಿಯೊಳಗೆ ಸರಿಸಿ, ಗಡಿಯಾರ ನೋಡಿಕೊಂಡು, ಲ್ಯಾಬಿಗೆ ತಡವಾಯಿತೆಂದು ಸ್ನಾನಕ್ಕೆ ಓಡಿದಳು.